ಬಿಲ್ಲಿ ಹಾಲಿಡೇಯ ಹಾಡು ಮತ್ತು ಬ್ಲ್ಯಾಕ್ ಮೆಟಲ್

ಹೆವಿ ಮೆಟಲ್ ಸಂಗೀತದ ಮೂಲವನ್ನು ಬ್ಲೂಸ್ ಗಿಟಾರಿನಲ್ಲಿ ಹುಡುಕುವುದು ವಾಡಿಕೆಯಾದರೂ, ಸಾಮೂಹಿಕ ಕ್ರೌರ್ಯವನ್ನೇ ಹಾಡಿನ ವಸ್ತುವಾಗಿಸಿ, ಕೇಳುಗರಿಗೆ ಅದರಿಂದ ಮುಖ ತಿರುಗಿಸಲಾಗದಂತೆ ಮಾಡುವ ಕಲೆಯಲ್ಲಿ ಇಂದಿನ ಕೆಲವು ಮೆಟಲ್ ಕೃತಿಗಳು ಜಾಝ್ ಗಾಯಕಿ ಬಿಲ್ಲಿ ಹಾಲಿಡೇಗೆ (1915–1959) ಋಣಿಯಾಗಿವೆ.

ನ್ಯೂಯಾರ್ಕಿನ ಶಾಲಾ ಶಿಕ್ಷಕ ಏಬೆಲ್ ಮೀರೊಪೋಲ್, 1930ರಲ್ಲಿ ಇಂಡಿಯಾನಾ ರಾಜ್ಯದ ಮೇರಿಯನ್ ಊರಿನಲ್ಲಿ ನಡೆದ ಲಿಂಚಿಂಗಿನ, ಅಂದರೆ ವಿಚಾರಣೆಯಿಲ್ಲದೆ ಗುಂಪು ಸೇರಿ ಇಬ್ಬರು ಕರಿಯ ಯುವಕರನ್ನು ಕೊಂದು ಮರಕ್ಕೆ ನೇತುಹಾಕಿದ ಕೃತ್ಯದ, ಛಾಯಾಚಿತ್ರದಿಂದ ಕಲಕಿಹೋಗಿ ಬರೆದ ಕವಿತೆಯೇ ಮುಂದೆ ಹಾಡಾದ ‘ಸ್ಟ್ರೇಂಜ್ ಫ್ರೂಟ್’ (ವಿಚಿತ್ರ ಹಣ್ಣು). ಕರಿಯರೂ ಬಿಳಿಯರೂ ಒಟ್ಟಿಗೆ ಕೂರಬಹುದಾಗಿದ್ದ ಕೆಫೆ ಸೊಸೈಟಿ ಎಂಬ ನೈಟ್‌ಕ್ಲಬ್ಬಿನಲ್ಲಿ ಹಾಲಿಡೇ ಇದನ್ನು ಕೊನೆಯ ಹಾಡಾಗಿ ಹಾಡುವಾಗ ಪರಿಚಾರಕರು ಬಡಿಸುವುದನ್ನು ನಿಲ್ಲಿಸುತ್ತಿದ್ದರು, ಗಾಯಕಿಯ ಮುಖದ ಮೇಲಿನ ಒಂದು ದೀಪದ ಹೊರತು ಉಳಿದೆಲ್ಲ ಬೆಳಕೂ ಆರುತ್ತಿತ್ತು, ಹಾಡು ಮುಗಿದ ಮೇಲೆ ಮತ್ತೊಂದು ಹಾಡು ಇರುತ್ತಿರಲಿಲ್ಲ. ಕೊಲಂಬಿಯಾ ರೆಕಾರ್ಡ್ ಕಂಪನಿ ಧ್ವನಿಮುದ್ರಣಕ್ಕೆ ಒಪ್ಪದಿದ್ದಾಗ ಕಮೊಡೋರ್ ಎಂಬ ಸಣ್ಣ ಸಂಸ್ಥೆ 1939ರ ಏಪ್ರಿಲ್‌ನಲ್ಲಿ ಅದನ್ನು ಧ್ವನಿಮುದ್ರಿಸಿತು. ಒಂದು ನಿಮಿಷಕ್ಕೂ ಮಿಕ್ಕಿ ಟ್ರಂಪೆಟ್ ಮತ್ತು ಪಿಯಾನೊ ಮಾತ್ರ ಕೇಳಿಸಿ, ಆಮೇಲಷ್ಟೇ ಕಂಠ ಪ್ರವೇಶಿಸುವ ಈ ಮುದ್ರಿಕೆಯಲ್ಲಿ, ತಾಳದ ಪೆಟ್ಟಿಗಿಂತ ತುಸು ತಡೆದು ಸ್ವರ ಹಿಡಿಯುವ ಹಾಲಿಡೇ ಎಲ್ಲಿಯೂ ಕೂಗುವುದಿಲ್ಲ. ಅದರ ಭೀಕರತೆ ಇರುವುದು ಈ ಸಂಯಮದಲ್ಲೇ.

1987ರಲ್ಲಿ ಬ್ರಿಟನ್ನಿನ ಸೂಕ್ಸಿ ಆ್ಯಂಡ್ ದ ಬ್ಯಾನ್‌ಶೀಸ್ ತಂಡ ಈ ಹಾಡನ್ನು ಮತ್ತೆ ಹಾಡಿತಾದರೂ, ಮೆಟಲ್‌ನೊಂದಿಗಿನ ನೇರ ನಂಟು ಕಾಣುವುದು 2018ರಲ್ಲಿ, ಝೀಲ್ ಆ್ಯಂಡ್ ಆರ್ಡರ್ ತಂಡದ ‘ಸ್ಟ್ರೇಂಜರ್ ಫ್ರೂಟ್’ ಆಲ್ಬಮ್ಮಿನಲ್ಲಿ. ಸ್ವಿಸ್ ತಂದೆಗೂ ಆಫ್ರಿಕನ್ ಅಮೆರಿಕನ್ ತಾಯಿಗೂ ಹುಟ್ಟಿದ ಮ್ಯಾನುಯೆಲ್ ಗಾನ್ಯೋ ಕಟ್ಟಿದ ಈ ತಂಡ, ಅಮೆರಿಕದ ಗುಲಾಮರ ದುಡಿಮೆಯ ಪದಗಳನ್ನೂ ಭಕ್ತಿಗೀತೆಗಳನ್ನೂ ನೆನಪಿಸುವ ಹಾಡಿಕೆಯನ್ನು ಬ್ಲ್ಯಾಕ್ ಮೆಟಲ್‌ಗೆ, ಅಂದರೆ ಒಂದೇ ಸ್ವರವನ್ನು ಎಡೆಬಿಡದೆ ಮೀಟುವ ಗಿಟಾರು, ಅತಿವೇಗದ ಡ್ರಮ್ಮು ಮತ್ತು ಚೀರುವ ಕಂಠಗಳಿಂದಾದ, 1990ರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ರೂಪು ತಳೆದ ಶೈಲಿಗೆ, ಬೆಸೆಯುತ್ತದೆ. ಆ ಗುಲಾಮರು ಒಡೆಯರ ಕ್ರೈಸ್ತಧರ್ಮದ ಬದಲು ಸೈತಾನನನ್ನು ನಂಬಿದ್ದರೆ ಏನಾಗುತ್ತಿತ್ತು ಎಂಬ ಕಲ್ಪನೆಯೇ ಈ ಬೆಸುಗೆಯ ಬೀಜ.

ಗಾನ್ಯೋ ಹಾಲಿಡೇಯ ರಾಗವನ್ನಾಗಲಿ ಗಾಯನಶೈಲಿಯನ್ನಾಗಲಿ ಅನುಕರಿಸಲಿಲ್ಲ. ಪಡೆದುಕೊಂಡದ್ದು ಹೆಸರನ್ನು, ಮತ್ತು ಕೊಲೆಯಾದವರ ಪರವಾಗಿ ಹಾಡುವ ಹೊಣೆಯನ್ನು. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಕರಿಯರು ಬಲಿಯಾಗುತ್ತಿದ್ದ ವರ್ಷಗಳಲ್ಲಿ ಆ ಹೊಣೆ ಹಳೆಯದಾಗಿರಲಿಲ್ಲ. ಆದರೂ ಪಿಯಾನೊ ಮುಂದಾಗಿರುವ ‘ಗ್ರೇವ್‌ಡಿಗ್ಗರ್ಸ್ ಚಾಂಟ್’ನಂಥ ಹಾಡಿನಲ್ಲಿ ಚೀತ್ಕಾರ ಹಿಂದೆ ಸರಿದು ಹಾಡಿಕೆಯೇ ಭಾರ ಹೊರುವಾಗ, ಈ ಆಲ್ಬಮ್ ಹಾಲಿಡೇಯ ಸಂಯಮಕ್ಕೆ ಅತ್ಯಂತ ಸಮೀಪ ಬರುತ್ತದೆ.