ಕಾಲುಪಾಲಿನಿಂದ ಸಮಪಾಲಿಗೆ

ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಬಹುಪಾಲು ಹಿಂದೂ ಮನೆಗಳ ಆಸ್ತಿ ಹೇಗೆ ಪಾಲಾಗಬೇಕೆಂದು ವಿಧಿಸಿದ ಗ್ರಂಥ ಹುಟ್ಟಿದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. ಮಗಳಿಗೆ ಆ ಹಕ್ಕಿರಲಿಲ್ಲ, ನಿಜ. ಆದರೆ ವಿಜ್ಞಾನೇಶ್ವರನ ಮಾತನ್ನು ಅಲ್ಲಿಗೇ ನಿಲ್ಲಿಸಿದರೆ ಅವನಿಗೆ ಅನ್ಯಾಯ ಮಾಡಿದಂತೆ. ಮದುವೆಯಾಗದ ಸೋದರಿಗೆ ಕಾಲುಭಾಗ ಕೊಡಬೇಕೆಂಬ ಸ್ಮೃತಿವಾಕ್ಯ ಮದುವೆಯ ಖರ್ಚಿಗೆ ಮಾತ್ರ ಸಂಬಂಧಿಸಿದ್ದು ಎಂದವರನ್ನು ಅವನು ಒಪ್ಪಲಿಲ್ಲ. ಅದು ಅವಳ ಪಾಲೇ ಎಂದು ವಾದಿಸಿದ.

ಸುಮಾರು ಎಂಟು ಶತಮಾನಗಳ ನಂತರ ಅದೇ 'ಕಾಲು' ಮತ್ತೆ ಕಾಣಿಸಿಕೊಂಡಿತು. ಮೈಸೂರು ಸಂಸ್ಥಾನ 1933ರಲ್ಲಿ ತಂದ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯಂತೆ, ಕುಟುಂಬ ಪಾಲಾಗುವಾಗ ಮದುವೆಯಾಗದ ಮಗಳಿಗೆ ಸೋದರನ ಪಾಲಿನ ನಾಲ್ಕನೇ ಒಂದು ಭಾಗ ಸಲ್ಲಬೇಕಿತ್ತು. ಬ್ರಿಟಿಷ್ ಭಾರತ ವಿಧವೆಯರ ಆಸ್ತಿಹಕ್ಕಿಗೆ ಕಾಯ್ದೆ ಮಾಡಿದ್ದು 1937ರಲ್ಲಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ತಂದೆಯ ವಾರಸುದಾರಳನ್ನಾಗಿ ಮಾಡಿತೇ ಹೊರತು ಅವಿಭಕ್ತ ಕುಟುಂಬದ ಪಾಲುದಾರಳನ್ನಾಗಿ ಮಾಡಲಿಲ್ಲ. ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದ್ದುದರಿಂದ ರಾಜ್ಯಗಳಿಗೂ ದಾರಿಯಿತ್ತು. ಆಂಧ್ರ, ತಮಿಳುನಾಡು ಮೊದಲೇ ಹೆಜ್ಜೆಯಿಟ್ಟವು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದಿತು, ಆದರೆ ಆ ದಿನಕ್ಕೆ ಮುನ್ನ ಮದುವೆಯಾದವಳಿಗೆ ಇಲ್ಲ ಎಂದಿತು. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಮೇ ತಿಂಗಳಲ್ಲಿ ಧಾರೆಯಾದವಳು ಹೊರಗೆ, ಆಗಸ್ಟ್‌ನಲ್ಲಿ ಆದವಳು ಒಳಗೆ! ಮದುವೆಯಿಂದ ಮಗನ ಹಕ್ಕಿಗೆ ಯಾವ ಕುಂದೂ ಬರುವುದಿಲ್ಲ. ಮಗಳದ್ದು ಮಾತ್ರ ಲಗ್ನಪತ್ರಿಕೆಯ ತಾರೀಕಿಗೆ ಕಟ್ಟುಬಿದ್ದಿತು.

2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೊಡೆಯಿತು. ಆಗ ಇನ್ನೊಂದು ಪ್ರಶ್ನೆ ಎದ್ದಿತು: ತಂದೆ ಅಂದಿಗೆ ಬದುಕಿರಬೇಕೇ? ಬೆಳಗಾವಿಯಲ್ಲಿ 1992ರಲ್ಲಿ ಮಗಳೊಬ್ಬಳು ಹೂಡಿದ್ದ ಪಾಲಿನ ದಾವೆ ಸುಪ್ರೀಂ ಕೋರ್ಟ್ ತಲುಪಿತು. ತಂದೆ ತೀರಿಕೊಂಡದ್ದು 1988ರಲ್ಲಿ. ತಿದ್ದುಪಡಿಯ ದಿನ ತಂದೆ, ಮಗಳು ಇಬ್ಬರೂ ಬದುಕಿರಬೇಕೆಂದು 2015ರಲ್ಲಿ ನ್ಯಾಯಾಲಯ ಹೇಳಿತು. 2018ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, 2001ರಲ್ಲಿ ತಂದೆಯನ್ನು ಕಳೆದುಕೊಂಡಿದ್ದ ಹೆಣ್ಣುಮಕ್ಕಳಿಗೆ ಸಮಪಾಲು ದೊರೆಯಿತು. ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರಂದು. ಹಕ್ಕು ಬರುವುದು ಹುಟ್ಟಿನಿಂದ, ಆದ್ದರಿಂದ ತಂದೆ ಬದುಕಿದ್ದನೇ ಎಂಬುದು ಮುಖ್ಯವಲ್ಲ ಎಂದ ಮೂವರು ನ್ಯಾಯಮೂರ್ತಿಗಳ ಪೀಠ 2015ರ ನಿಲುವನ್ನು ತಳ್ಳಿಹಾಕಿತು.

ಅದೇ ತೀರ್ಪು ಮನೆಯೊಳಗಿನ ಹಳೆಯ ಉಪಾಯವೊಂದಕ್ಕೂ ತಡೆ ಹಾಕಿತು. "ಎಂದೋ ಬಾಯಿಮಾತಿನಲ್ಲೇ ಪಾಲಾಗಿದೆ" ಎಂದು ಸೋದರರು ಹೇಳಿದರೆ ಸಾಲದು, ಸಾರ್ವಜನಿಕ ದಾಖಲೆಯ ಆಧಾರ ಬೇಕು. ಆದರೆ 2004ರ ಡಿಸೆಂಬರ್ 20ಕ್ಕೆ ಮುನ್ನ ನೋಂದಣಿಯಾದ ಪಾಲುಪಟ್ಟಿಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ತವರಿನ ಬಾಂಧವ್ಯ ಕೆಡಬಾರದೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಇಂದಿಗೂ ಉಪನೋಂದಣಾಧಿಕಾರಿಯ ಕಚೇರಿಗೆ ಬರುತ್ತಿದ್ದಾರೆ.