ನಿಲ್ದಾಣದ ನಾಮಫಲಕವೆಂಬ ಶಾಸನ

ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಬರೆಸಿದ ಕುರ್ಕ್ಯಾಲ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ. ಇಂದಿನ ತೆಲಂಗಾಣದ ಬೆಟ್ಟವೊಂದರ ಮೇಲಿರುವ ಆ ಬರಹವು ತಾಯಿ ಅಬ್ಬಣಬ್ಬೆಯ ಮನೆತನವನ್ನು ಹೇಳುವಾಗ ಬೆಳ್ವೊಲದ ಅಣ್ಣಿಗೆರೆಯನ್ನು ಹೆಸರಿಸುತ್ತದೆ. ಅದೇ ಊರಿನ ಹೆಸರು ಇಂದು ಹುಬ್ಬಳ್ಳಿ–ಗದಗ ಮಾರ್ಗದ ರೈಲು ನಿಲ್ದಾಣದ ಹಳದಿ ಫಲಕದ ಮೇಲೆಯೂ ಮೂರು ಭಾಷೆಗಳಲ್ಲಿದೆ: ಕನ್ನಡ, ಹಿಂದಿ, ಇಂಗ್ಲಿಷ್. ಕವಿವಂಶದ ದಾನಶಾಸನವನ್ನೂ ರೈಲ್ವೆಯ ನಾಮಫಲಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ಸ್ಥಳನಾಮದ ಇತಿಹಾಸವನ್ನು ಅರಸುವವನಿಗೆ ಇವೆರಡೂ ಆಕರಗಳೇ. ಮೊದಲನೆಯದನ್ನು ಕಾಪಾಡುವ ಶಿಸ್ತು ನಮ್ಮಲ್ಲಿ ಬೆಳೆದಿದೆ. ಎರಡನೆಯದಕ್ಕೆ ಅದಿನ್ನೂ ಬಂದಿಲ್ಲ.

ಹಳೆಯ ರೈಲ್ವೆ ಫಲಕಗಳಲ್ಲಿ ಸಂಗ್ರಾಹಕರು ಹೆಚ್ಚು ಬಯಸುವುದು ಎನಾಮಲ್ ಫಲಕಗಳನ್ನು. ಗಾಜಿನ ಪುಡಿಯನ್ನು ಕಬ್ಬಿಣದ ತಗಡಿನ ಮೇಲೆ ಲೇಪಿಸಿ ಸುಮಾರು 800 ಡಿಗ್ರಿ ಶಾಖದ ಕುಲುಮೆಯಲ್ಲಿ ಕರಗಿಸಿದಾಗ ಬಣ್ಣವು ಲೋಹಕ್ಕೆ ಬೆಸೆದುಕೊಳ್ಳುತ್ತದೆ. ಬಿಸಿಲು ಮಳೆಗೆ ಅದು ಮಾಸುವುದಿಲ್ಲ; ಏಟು ಬಿದ್ದು ಸಿಡಿದ ಕಡೆ ಮಾತ್ರ ತುಕ್ಕು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿಯ ಬಳಿಕ ನೂರಾರು ನಿಲ್ದಾಣಗಳು ಮುಚ್ಚಿದಾಗ ಇಂಥ ಫಲಕಗಳು ಮಾರಾಟಕ್ಕೆ ಬಂದವು. ಅವುಗಳ ಸಂಗ್ರಹವೇ ಒಂದು ವಿದ್ಯೆಯಾಗಿ ಬೆಳೆಯಿತು. ಅಲ್ಲಿ ಫಲಕದ ಬಣ್ಣವೇ ಸಾಕ್ಷಿ: ಹಸಿರಾದರೆ ದಕ್ಷಿಣ ವಲಯ, ಕಂದಾದರೆ ಪಶ್ಚಿಮ ವಲಯ.

ನಮ್ಮ ಭಾಗದಲ್ಲಿ ಅಂಥ ಸಾಕ್ಷ್ಯವನ್ನು ಒದಗಿಸುವುದು ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಧಾರವಾಡ ಸೀಮೆಗೆ ರೈಲನ್ನು ತಂದ ಸದರ್ನ್ ಮರಾಠಾ ರೈಲ್ವೆ 1882ರಲ್ಲಿ ಸ್ಥಾಪನೆಯಾಯಿತು. 1908ರಲ್ಲಿ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಲ್ಲಿ ಸೇರಿತು. 1944ರಲ್ಲಿ ಆಡಳಿತ ಸರ್ಕಾರದ ಕೈಗೆ ಬಂದಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ ಬಂದವು. ಕಾಲನಿರ್ದೇಶವಿಲ್ಲದ ಶಾಸನವನ್ನು ಲಿಪಿಯ ತಿರುವಿನಿಂದ ಕಾಲಕ್ಕೆ ಹೊಂದಿಸುವಂತೆ, 'ಎಂ. ಅಂಡ್ ಎಸ್. ಎಂ. ಆರ್.' ಎಂಬ ಅಕ್ಷರಗಳುಳ್ಳ ತಗಡನ್ನು 1908ಕ್ಕೂ 1951ಕ್ಕೂ ನಡುವೆ ಇರಿಸಬಹುದು.

ಕಾಗುಣಿತವೂ ಮಾತನಾಡುತ್ತದೆ. ಶಾಸನದ ಅಣ್ಣಿಗೆರೆಯಲ್ಲಿ 'ಕೆರೆ' ಇದೆ. ಇಂದಿನ ಅಣ್ಣಿಗೇರಿಯಲ್ಲಿ 'ಕೇರಿ' ಕೇಳಿಸುತ್ತದೆ. ಕುಂದಗೋಳ ತಾಲ್ಲೂಕಿನ ಸಂಶಿಯ ಹೆಸರನ್ನು ರೈಲ್ವೆಯ ಇಂಗ್ಲಿಷ್ ಅಕ್ಷರಗಳಲ್ಲಿದ್ದಂತೆ ಓದಿದರೆ 'ಸೌನ್ಶಿ' ಎಂದಾಗುತ್ತದೆ. ಕನ್ನಡದ ಕಿವಿಯಿಂದ ಬಾರದ ಈ ರೂಪವು ಅಂದಿನ ಆಡಳಿತದ ಕಡತಗಳಲ್ಲಿ ಯಾರ ಉಚ್ಚಾರ ನಡೆಯುತ್ತಿತ್ತೆಂಬ ಪ್ರಶ್ನೆಯನ್ನು ಎತ್ತುತ್ತದೆ. 2014ರಲ್ಲಿ ಇಂಗ್ಲಿಷಿನ 'ಹುಬ್ಲಿ' ಅಧಿಕೃತವಾಗಿ 'ಹುಬ್ಬಳ್ಳಿ'ಯಾಯಿತು. ಹೆಸರನ್ನು ತಿದ್ದಿದ್ದು ಯುಕ್ತವೇ. ಆದರೆ ತಿದ್ದಿದಾಗ ಹಳೆಯ ಫಲಕ ಎಲ್ಲಿಗೆ ಹೋಯಿತೆಂಬುದೂ ಇತಿಹಾಸದ ಪ್ರಶ್ನೆಯೇ.

ಈ ಸಾಕ್ಷ್ಯದ ಅರ್ಧಭಾಗ ಫಲಕದಲ್ಲಿದೆ. ಉಳಿದರ್ಧ ಅದು ನಿಂತಿದ್ದ ನೆಲದಲ್ಲಿದೆ. ಕುಂದಗೋಳ ಅಂದು ಜಮಖಂಡಿ ಸಂಸ್ಥಾನದ ಪ್ರದೇಶ; ಅಣ್ಣಿಗೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ಎರಡು ಪ್ರಭುತ್ವಗಳ ನೆಲದಲ್ಲಿ ಒಂದೇ ಕಂಪನಿಯ ಹಳಿ ಹಾದಿತ್ತು. 'ನಿರೀಕ್ಷಣಾ ಕೊಠಡಿ' ಎಂಬಷ್ಟೇ ಬರಹವುಳ್ಳ ತಗಡೊಂದು ಊರಿನ ದಾಖಲೆಯಿಲ್ಲದೆ ಪೇಟೆಗೆ ಬಂದರೆ, ಅದು ಯಾವ ಪ್ರಭುತ್ವದ ಪ್ರಜೆಗಳು ಓದಿದ ಫಲಕವೆಂದು ಹೇಳುವುದು ಹೇಗೆ? ಎಲ್ಲಿ ಸಿಕ್ಕಿತೆಂದು ತಿಳಿಯದ ತಾಮ್ರಪಟವು ಕೊನೆಯ ಪಕ್ಷ ದಾನಿಯ ಹೆಸರನ್ನೂ ಗ್ರಾಮದ ಎಲ್ಲೆಯನ್ನೂ ಹೇಳೀತು. ಊರು ತಪ್ಪಿದ ಈ ತಗಡು ಗೋಡೆಯ ಅಲಂಕಾರವಷ್ಟೇ ಆಗುತ್ತದೆ. ನವಲಗುಂದ, ಕಲಘಟಗಿ ಪಟ್ಟಣಗಳಿಗೆ ರೈಲೇ ಬರಲಿಲ್ಲ. ಇಂಥ ಆಕರಗಳು ಮೊದಲೇ ವಿರಳವಾಗಿರುವ ಸೀಮೆಯಲ್ಲಿ ಒಂದೊಂದು ನಷ್ಟವೂ ದೊಡ್ಡದು.

ಸಂಗ್ರಾಹಕರನ್ನು ದೂರಿ ಫಲವಿಲ್ಲ. ಗುಜರಿಯ ಪಾಲಾಗುವ ವಸ್ತುವನ್ನು ಉಳಿಸಿದವರು ಎಷ್ಟೋ ಸಲ ಅವರೇ. ಕಾನೂನಿನ ಎಲ್ಲೆ ಮಾತ್ರ ಸ್ಪಷ್ಟವಾಗಿದೆ. ಕದ್ದ ರೈಲ್ವೆ ಸ್ವತ್ತನ್ನು ಇಟ್ಟುಕೊಳ್ಳುವುದು 1966ರ ಕಾಯ್ದೆಯಂತೆ ಅಪರಾಧ. ಐತಿಹಾಸಿಕ ಮಹತ್ವವಿದ್ದು ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯಂತೆ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಮೊದಲ ದಶಕಗಳ ಫಲಕಗಳಿಗೆ ಈಗ ಆ ವಯಸ್ಸಾಗಿದೆ.

ಕಾನೂನಿಗಿಂತ ಮೊದಲು ಬೇಕಾದುದು ದಾಖಲೆ. 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯು ಶಾಸನಗಳಿಗಾಗಿ ಊರೂರು ಸುತ್ತಿ ಪ್ರತಿ ತೆಗೆಯುವ ಮಾರ್ಗವನ್ನು ಈ ನೆಲದಲ್ಲೇ ತೋರಿಸಿತು. ಅದೇ ಕ್ರಮ ಇಲ್ಲಿಯೂ ಸಲ್ಲುತ್ತದೆ: ಫಲಕವಿದ್ದ ನಿಲ್ದಾಣ, ಗೋಡೆ ಅಥವಾ ಕಂಬ, ಅಳತೆ, ಭಾಷೆಗಳ ಕ್ರಮ, ಕಾಗುಣಿತ, ಹಿಂಬದಿಯ ತಯಾರಕನ ಗುರುತು, ತೆಗೆದ ದಿನ. ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ವಸ್ತುಸಂಗ್ರಹಾಲಯವೂ ಇದೆ. ಧಾರವಾಡದ ಸ್ಥಳನಾಮಗಳನ್ನು ಕುರಿತು ಅಧ್ಯಯನ ಮಾಡುವ ವಿದ್ಯಾರ್ಥಿಯು ಶಾಸನಸಂಪುಟಗಳ ಜೊತೆಗೆ ಈ ತಗಡುಗಳ ಪಟ್ಟಿಯನ್ನೂ ಸಿದ್ಧಪಡಿಸಿದರೆ, ಅಣ್ಣಿಗೆರೆಯು ಅಣ್ಣಿಗೇರಿಯಾದ ಹಾದಿಯ ಕೊನೆಯ ನೂರು ವರ್ಷಗಳಿಗೆ ಆಧಾರ ದೊರೆತೀತು.