ಟೇಕ್ ಆಧಾರಿತ ಫ್ರೇಸಲ್ ವರ್ಬ್‌ಗಳು

ಟೇಕ್ ಆಧಾರಿತ ಫ್ರೇಸಲ್ ವರ್ಬ್‌ಗಳು ಇಂಗ್ಲಿಷಿನ 'ಟೇಕ್' ಕ್ರಿಯಾಪದಕ್ಕೆ ಆಫ್, ಅಪ್, ಇನ್, ಆಫ್ಟರ್ ಮೊದಲಾದ ಅವ್ಯಯಗಳು ಸೇರಿ ಉಂಟಾಗುವ ಸಂಯುಕ್ತ ಕ್ರಿಯಾರೂಪಗಳಾಗಿವೆ. 'ತೆಗೆದುಕೊಳ್ಳು' ಎಂಬುದು ಮೂಲ ಕ್ರಿಯಾಪದದ ಸಾಮಾನ್ಯ ಅರ್ಥ. ಆದರೆ ಸಂಯುಕ್ತ ರೂಪದ ಅರ್ಥವನ್ನು ಬಿಡಿಪದಗಳಿಂದ ಊಹಿಸುವುದು ಹಲವು ವೇಳೆ ಸಾಧ್ಯವಾಗುವುದಿಲ್ಲ.

ಇತಿಹಾಸ

'ಟೇಕ್' ಪದವು ಪ್ರಾಚೀನ ನಾರ್ಸ್ ಭಾಷೆಯ 'ಟಾಕಾ' ಎಂಬುದರಿಂದ ಬಂದಿದ್ದು, ಅದೇ ಅರ್ಥದ ಪ್ರಾಚೀನ ಇಂಗ್ಲಿಷ್ ಪದ 'ನಿಮನ್' ಕ್ರಮೇಣ ಬಳಕೆಯಿಂದ ಮರೆಯಾಯಿತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಇಂತಹ ಜೋಡಣೆಗಳು ಪರಭಾಷಿಕರಿಗೆ ಬಹಳ ಕಠಿಣವೆಂದು ಗುರುತಿಸಿ, 'ಟೇಕ್ ಆಫ್' ರೂಪವನ್ನು 'ಅನುಕರಿಸು' ಎಂಬ ಅರ್ಥದಲ್ಲಿ ಉದಾಹರಿಸಿದ್ದಾನೆ. ಲೋಗನ್ ಪಿಯರ್ಸಾಲ್ ಸ್ಮಿತ್ 1925ರ 'ವರ್ಡ್ಸ್ ಅಂಡ್ ಇಡಿಯಮ್ಸ್' ಕೃತಿಯಲ್ಲಿ 'ಫ್ರೇಸಲ್ ವರ್ಬ್' ಎಂಬ ಹೆಸರನ್ನು ಬಳಸಿದರು. ಅದನ್ನು ಸೂಚಿಸಿದವರು ನಿಘಂಟುಕಾರ ಹೆನ್ರಿ ಬ್ರಾಡ್ಲಿ.

ಪ್ರಮುಖ ರೂಪಗಳು

* ಟೇಕ್ ಆಫ್: ಉಡುಪನ್ನು ಕಳಚು, ವಿಮಾನವು ನೆಲದಿಂದ ಮೇಲೇರು, ಕೆಲಸಕ್ಕೆ ರಜೆ ಹಾಕು.
* ಟೇಕ್ ಅಪ್: ಹವ್ಯಾಸ ಅಥವಾ ಕೆಲಸವನ್ನು ಕೈಗೊಳ್ಳು; ಸ್ಥಳ ಅಥವಾ ಸಮಯವನ್ನು ಆಕ್ರಮಿಸು.
* ಟೇಕ್ ಆನ್: ಹೊಣೆ ಹೊರು, ಕೆಲಸಕ್ಕೆ ನೇಮಿಸಿಕೊಳ್ಳು, ಎದುರಾಳಿಯನ್ನು ಎದುರಿಸು.
* ಟೇಕ್ ಓವರ್: ಅಧಿಕಾರ ಅಥವಾ ಆಡಳಿತವನ್ನು ವಹಿಸಿಕೊಳ್ಳು.
* ಟೇಕ್ ಡೌನ್: ಬರೆದುಕೊಳ್ಳು; ಕೆಳಗಿಳಿಸು.
* ಟೇಕ್ ಬ್ಯಾಕ್: ಆಡಿದ ಮಾತನ್ನು ಹಿಂದೆಗೆದುಕೊಳ್ಳು.
* ಟೇಕ್ ಆಫ್ಟರ್: ಹೆತ್ತವರನ್ನೋ ಹಿರಿಯ ಬಂಧುಗಳನ್ನೋ ರೂಪ, ಗುಣಗಳಲ್ಲಿ ಹೋಲು.
* ಟೇಕ್ ಟು: ಹಚ್ಚಿಕೊಳ್ಳು, ರೂಢಿ ಮಾಡಿಕೊಳ್ಳು.
* ಟೇಕ್ ಇನ್: ಗ್ರಹಿಸು, ಆಶ್ರಯ ನೀಡು, ಬಟ್ಟೆಯ ಅಳತೆಯನ್ನು ಕುಗ್ಗಿಸು, ವಂಚಿಸು.

ಕೊನೆಯ ರೂಪದಲ್ಲಿ ಪರಸ್ಪರ ವಿರುದ್ಧವೆನಿಸುವ ಅರ್ಥಗಳಿವೆ. 'ಹಿ ವಾಸ್ ಟೇಕನ್ ಇನ್' ಎಂಬ ಕರ್ಮಣಿ ವಾಕ್ಯವು ಆಶ್ರಯ ಪಡೆದವನನ್ನೂ ಮೋಸಹೋದವನನ್ನೂ ಸೂಚಿಸಬಲ್ಲದು; ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆ.

ಕರ್ಮಪದದ ಸ್ಥಾನ

ಕರ್ಮವು ನಾಮಪದವಾಗಿದ್ದರೆ 'ಟೇಕ್ ಆಫ್ ಯುವರ್ ಕೋಟ್', 'ಟೇಕ್ ಯುವರ್ ಕೋಟ್ ಆಫ್' ಎರಡೂ ಸಾಧು. ಸರ್ವನಾಮವಾಗಿದ್ದರೆ 'ಟೇಕ್ ಇಟ್ ಆಫ್' ಮಾತ್ರ ಸಾಧು. 'ಟೇಕ್ ಆಫ್ ಇಟ್' ಎಂಬುದು ತಪ್ಪು. 'ಟೇಕ್ ಆಫ್ಟರ್' ಮತ್ತು 'ಟೇಕ್ ಟು' ರೂಪಗಳನ್ನು ಬೇರ್ಪಡಿಸಲಾಗದು. ಆದ್ದರಿಂದ 'ಶಿ ಟೇಕ್ಸ್ ಆಫ್ಟರ್ ಹಿಮ್' ಎಂದೇ ಹೇಳಬೇಕು. ವಿಮಾನದ ಮೇಲೇರುವಿಕೆಯನ್ನು ಹೇಳುವಾಗ 'ಟೇಕ್ ಆಫ್' ಅಕರ್ಮಕವಾಗಿರುತ್ತದೆ.

ಕನ್ನಡದೊಂದಿಗೆ ಹೋಲಿಕೆ

ಕನ್ನಡದ 'ಕೈಗೊಳ್ಳು', 'ಕೈಬಿಡು' ಮೊದಲಾದ ರೂಪಗಳ ಅರ್ಥವೂ ಬಿಡಿಪದಗಳಿಂದ ನೇರವಾಗಿ ಹೊರಡುವುದಿಲ್ಲ. 'ಬರೆದುಕೊಳ್ಳು', 'ವಹಿಸಿಕೊಳ್ಳು', 'ಹಚ್ಚಿಕೊಳ್ಳು' ಎಂಬಲ್ಲಿ ಅರ್ಥವನ್ನು ಬೇರ್ಪಡಿಸುವ ಪದ ಮೊದಲು ಬಂದು, ಸಮಾನವಾದ 'ಕೊಳ್ಳು' ಕೊನೆಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಸಮಾನ ಕ್ರಿಯಾಪದ ಮೊದಲು ಬಂದು, ಅರ್ಥವನ್ನು ಬೇರ್ಪಡಿಸುವ ಅವ್ಯಯ ನಂತರ ಬರುತ್ತದೆ. ಕೆಲವೊಮ್ಮೆ ಅದು ವಾಕ್ಯದ ಕೊನೆಗೂ ಸರಿಯುತ್ತದೆ. ಹೀಗಾಗಿ ವಾಕ್ಯವನ್ನು ಪೂರ್ತಿ ಓದುವ ಮೊದಲೇ 'ಟೇಕ್' ಎಂಬುದನ್ನು 'ತೆಗೆದುಕೊಳ್ಳು' ಎಂದು ಅರ್ಥೈಸಿದರೆ ತಪ್ಪಾಗುವ ಸಂಭವವಿರುತ್ತದೆ. ಕಲಿಯುವವರು ಪ್ರತಿ ರೂಪವನ್ನು ಕರ್ಮಪದಸಹಿತವಾಗಿ, ಒಂದು ಪೂರ್ಣ ವಾಕ್ಯದಲ್ಲಿ ಅಭ್ಯಾಸ ಮಾಡಿದರೆ ಅರ್ಥವೂ ಪದಗಳ ಕ್ರಮವೂ ಒಟ್ಟಿಗೆ ರೂಢಿಯಾಗುತ್ತವೆ.